ಶುಕ್ರವಾರದ 480 ಕಿಲೋಮೀಟರ್

ಬೆಂಗಳೂರಲ್ಲಿ ದೂರವನ್ನ ಕಿಲೋಮೀಟರ್‌ನಲ್ಲಿ ಅಳೆಯೋದನ್ನ ನಾವೆಲ್ಲ ಯಾವತ್ತೋ ಬಿಟ್ಟಿದ್ದೇವೆ. "ಎಷ್ಟು ದೂರ?" ಅಂತ ಕೇಳಿದರೆ "ಮುಕ್ಕಾಲು ಗಂಟೆ" ಅಂತೀವಿ. ಬಿಟಿಎಂ ಲೇಔಟ್‌ನ ನನ್ನ ಮನೆಯಿಂದ ಜೆ.ಪಿ. ನಗರದ ಅಪ್ಪ-ಅಮ್ಮನ ಮನೆಗೆ ಐದಾರು ಕಿಲೋಮೀಟರ್ ಅಷ್ಟೇ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೋ ಶುರುವಾದ ಮೇಲಂತೂ ಇನ್ನೂ ಸುಲಭ. ಬಿಟಿಎಂನಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಒಟ್ಟು ಐದನೇ ಸ್ಟೇಷನ್‌ನಲ್ಲಿ ಇಳಿದರೆ ಆಯ್ತು. ಆದರೂ "ಈ ವಾರ ಆಗಲ್ಲಮ್ಮ, ಮುಂದಿನ ವಾರ ಬರ್ತೀನಿ" ಅನ್ನೋ ಮಾತು ಈ ಊರಿನ ಎಷ್ಟು ಮನೆಗಳಲ್ಲಿ ಪ್ರತಿ ಭಾನುವಾರ ಕೇಳಿಸುತ್ತದೋ!

ನಾನು ಬೆಳೆದ ಮನೆಯಲ್ಲಿ ಲೆಕ್ಕ ಬೇರೆ ಇತ್ತು. ನಮ್ಮ ಚರ್ಚ್ ಸುಮಾರು 240 ಕಿಲೋಮೀಟರ್ ದೂರದಲ್ಲಿತ್ತು. ನಾವು ಪ್ರತಿ ವಾರ ಹೋಗ್ತಿದ್ದೆವು.

ಅಪ್ಪ ಕೆಲಸ ಮಾಡ್ತಿದ್ದದ್ದು ಅಬುಧಾಬಿಯ ಪಶ್ಚಿಮಕ್ಕಿರುವ ರುವೈಸ್ ಅನ್ನೋ ಊರಲ್ಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಮರಳು, ಮಧ್ಯೆ ಎಣ್ಣೆ ಶುದ್ಧೀಕರಣ ಘಟಕದ ಚಿಮಣಿಗಳು. ಅಲ್ಲಿ ದುಡಿಯುವವರಿಗಾಗಿಯೇ ಕಟ್ಟಿದ ಟೌನ್‌ಶಿಪ್. ಶಾಲೆ, ಆಸ್ಪತ್ರೆ, ಅಂಗಡಿ ಎಲ್ಲ ಇತ್ತು. ಅಪ್ಪ ಇನ್ಸ್ಟ್ರುಮೆಂಟ್ ಟೆಕ್ನಿಷಿಯನ್, ಶಿಫ್ಟ್ ಕೆಲಸ. ನಾವು 2000ದಿಂದ 2011ರವರೆಗೆ ಅಲ್ಲಿದ್ದೆವು. ಹೋದಾಗ ನನಗೆ ಐದು ವರ್ಷ. ಹತ್ತನೇ ಕ್ಲಾಸ್ ಮುಗಿಸಿ ಜಯನಗರದಲ್ಲಿ ಪಿಯುಸಿ ಸೇರೋಕೆ ಬಂದಾಗ ಹದಿನಾರು.

ನಮ್ಮದು ಹಾಸನ ಕಡೆಯ ಕನ್ನಡ ಕ್ಯಾಥೊಲಿಕ್ ಕುಟುಂಬ. ಗಲ್ಫ್‌ಗೆ ಹೋದ ಎಲ್ಲ ಕ್ರೈಸ್ತ ಕುಟುಂಬಗಳ ಹಾಗೆ ನಮಗೂ ಭಾನುವಾರ ಅನ್ನೋದು ಶುಕ್ರವಾರಕ್ಕೆ ಸರಿದುಹೋಯ್ತು. ಅಲ್ಲಿ ರಜೆ ಶುಕ್ರವಾರ. 2006ರಲ್ಲಿ ಸರ್ಕಾರಿ ವಾರಾಂತ್ಯ ಗುರುವಾರ-ಶುಕ್ರವಾರದಿಂದ ಶುಕ್ರವಾರ-ಶನಿವಾರಕ್ಕೆ ಬದಲಾಯ್ತು. 2022ರ ಜನವರಿಯಲ್ಲಿ ಶನಿವಾರ-ಭಾನುವಾರ ಆಯ್ತು. ನಮ್ಮ ಕಾಲದಲ್ಲಿ ಭಾನುವಾರ ಅಂದರೆ ಶಾಲೆಗೆ ಹೋಗೋ ದಿನ. ಹಾಗಾಗಿ ಭಾನುವಾರದ ಬಲಿಪೂಜೆಯನ್ನೇ ಶುಕ್ರವಾರ ಮಾಡ್ತಿದ್ದರು. ರಜೆಗೆ ಊರಿಗೆ ಬಂದಾಗ "ಶುಕ್ರವಾರ ಯಾಕೆ ಚರ್ಚ್‌ಗೆ ಹೋಗಲ್ಲ?" ಅಂತ ಕೇಳಿ ಅಜ್ಜಿಯನ್ನ ನಗಿಸಿದ್ದೆನಂತೆ.

ಹೋಗ್ತಿದ್ದದ್ದು ಅಬುಧಾಬಿಯ ಸಂತ ಜೋಸೆಫರ ಚರ್ಚ್‌ಗೆ. ಮೊದಲ ಚರ್ಚ್ 1965ರಲ್ಲಿ ಸಮುದ್ರದ ದಂಡೆಯಲ್ಲಿ ಆದದ್ದು. ಆಗಿನ ಆಡಳಿತಗಾರ ಶೇಖ್ ಶಖ್‌ಬೂತ್ ಜಾಗ ಕೊಟ್ಟಿದ್ದರು. ಅಂದರೆ ಯುಎಇ ಅನ್ನೋ ದೇಶ ಹುಟ್ಟೋಕೆ ಆರು ವರ್ಷ ಮುಂಚೆಯೇ ಅಲ್ಲಿ ಚರ್ಚ್ ಇತ್ತು. 80ರ ದಶಕದಲ್ಲಿ ಅದು ಊರೊಳಗಿನ ಮುಶ್ರಿಫ್ ಪ್ರದೇಶಕ್ಕೆ ಬಂತು. ಅಕ್ಕಪಕ್ಕದಲ್ಲೇ ಆಂಗ್ಲಿಕನ್ ಚರ್ಚ್, ಕಾಪ್ಟಿಕ್ ಚರ್ಚ್, ಮತ್ತೊಂದು ದೊಡ್ಡ ಮಸೀದಿ. ಆ ಮಸೀದಿಗೆ 2017ರಲ್ಲಿ 'ಏಸುವಿನ ತಾಯಿ ಮರಿಯಮ್' ಅಂತ ಹೆಸರಿಟ್ಟರು. ಆ ಸುದ್ದಿಯನ್ನ ಅಮ್ಮ ನಮ್ಮ ಫ್ಯಾಮಿಲಿ ಗ್ರೂಪ್‌ಗೆ ಮೂರು ಸಲ ಫಾರ್ವರ್ಡ್ ಮಾಡಿದ್ದಳು.

ಚರ್ಚ್‌ಗೋಸ್ಕರ ಅಷ್ಟು ದೂರ ಹೋಗ್ತಿದ್ದದ್ದು ನಾವು ಮಾತ್ರ ಅಲ್ಲ. ನಮ್ಮ ಮೇಲಿನ ಮನೆಯ ಉಡುಪಿ ಕಡೆಯ ಕುಟುಂಬ ಕೆಲವು ತಿಂಗಳಿಗೊಮ್ಮೆ ಬರ್ ದುಬೈನ ಹಳೇ ಕೃಷ್ಣ ದೇವಸ್ಥಾನಕ್ಕೆ ಹೊರಡುತ್ತಿತ್ತು. ಅದು 350 ಕಿಲೋಮೀಟರ್‌ಗೂ ಮೇಲೆ. ಆಗ ಅಬುಧಾಬಿಯಲ್ಲಿ ಹಿಂದೂ ದೇವಸ್ಥಾನ ಇರಲಿಲ್ಲ. ಈಗಿನ ದೊಡ್ಡ ಬಿಎಪಿಎಸ್ ಮಂದಿರ ಉದ್ಘಾಟನೆ ಆದದ್ದು 2024ರ ಫೆಬ್ರುವರಿಯಲ್ಲಿ. ಅವರು ಹೋಗಿ ಬಂದರೆ ನಮ್ಮ ಮನೆಗೂ ಪ್ರಸಾದ. ನಾವು ಹೋಗಿ ಬಂದರೆ ಅವರ ಮನೆಗೆ ಕೊತ್ತಂಬರಿ, ನುಗ್ಗೆಕಾಯಿ, ಹಸಿ ತೆಂಗಿನಕಾಯಿ.

ಹೊರಡೋದು ಬೆಳಿಗ್ಗೆ ಆರಕ್ಕೆ. ಅಮ್ಮ ನಾಲ್ಕಕ್ಕೇ ಎದ್ದು ಅಕ್ಕಿರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಜೊತೆ ಫಾಯಿಲ್‌ನಲ್ಲಿ ಸುತ್ತಿಡುತ್ತಿದ್ದಳು. ಪರಮಪ್ರಸಾದ ಸ್ವೀಕರಿಸೋಕೆ ಒಂದು ಗಂಟೆ ಮೊದಲಿಂದ ಏನೂ ತಿನ್ನಬಾರದು ಅನ್ನೋದು ನಿಯಮ. ಅದಕ್ಕೆ ತಿಂಡಿ ಎಲ್ಲಿ, ಎಷ್ಟು ಹೊತ್ತಿಗೆ ಮುಗಿಯಬೇಕು ಅನ್ನೋ ಟೈಮ್‌ಟೇಬಲ್ ಅವಳ ತಲೆಯಲ್ಲಿ ಪಕ್ಕಾ ಇರುತ್ತಿತ್ತು. "ತರೀಫ್ ಬರೋ ಒಳಗೆ ಮುಗಿಸಿ" ಅಂತ ಆರ್ಡರ್. ತಂಗಿಗೆ ಕಾರಲ್ಲಿ ವಾಂತಿಯ ಕಾಟ. ಅವಳ ಕೈಯಲ್ಲಿ ಯಾವಾಗಲೂ ಒಂದು ನಿಂಬೆಹಣ್ಣು.

ರಸ್ತೆ ಇ-11. ಸೌದಿ ಗಡಿಯಿಂದ ಶುರುವಾಗಿ ಅಬುಧಾಬಿ, ದುಬೈ ದಾಟಿ ರಾಸ್ ಅಲ್ ಖೈಮಾದವರೆಗೆ ಹೋಗೋ ಹೆದ್ದಾರಿ. ನಮ್ಮ ಭಾಗದಲ್ಲಿ ಸಾಲು ಸಾಲು ಲಾರಿಗಳು. ಪಕ್ಕದಲ್ಲಿ ಒಂಟೆ ರಸ್ತೆಗೆ ಬರದ ಹಾಗೆ ಬೇಲಿ. ಬೇಲಿಯಾಚೆ ಪೈಪ್‌ನಲ್ಲಿ ಹನಿ ಹನಿ ನೀರು ಕುಡಿದು ಬೆಳೆದ ಮರಗಳ ಸಾಲು, ಅದರಾಚೆ ಬರೀ ಮರಳು. ಮಕ್ಕಳಿಗೆ ನೋಡೋಕೆ ಏನೂ ಇಲ್ಲ. ಅದೇ ನಮ್ಮ ಪುಣ್ಯ ಅಂತ ಈಗ ಅನ್ನಿಸುತ್ತೆ.

ನೋಡೋಕೆ ಏನೂ ಇಲ್ಲದ್ದಕ್ಕೆ ಮಾತು ಬೇಕಿತ್ತು. ಹತ್ತು ವರ್ಷದ ಹುಡುಗನ ಕೈಗೆ ಆಗ ಮೊಬೈಲ್ ಎಲ್ಲಿ? ಶಾಲೆಯಲ್ಲಿ ಇಂಗ್ಲಿಷ್, ಆಟಕ್ಕೆ ಹೋದರೆ ಹಿಂದಿ, ಅಂಗಡಿಯಲ್ಲಿ ಮಲಯಾಳಂ. ಕನ್ನಡಕ್ಕೆ ಉಳಿದ ಜಾಗ ಅಂದರೆ ನಮ್ಮ ಸೆಕೆಂಡ್‌ಹ್ಯಾಂಡ್ ಕೊರೊಲಾ. ಮದುವೆಗೆ ಮುಂಚೆ ಹಾಸನದಲ್ಲಿ ಪ್ರೈಮರಿ ಟೀಚರ್ ಆಗಿದ್ದ ಅಮ್ಮ ಒಂದನೇ ಕ್ಲಾಸಿನ ಕನ್ನಡ ಪುಸ್ತಕವನ್ನ ಗ್ಲೋವ್ ಬಾಕ್ಸ್‌ನಲ್ಲೇ ಇಟ್ಟಿದ್ದಳು. ಕಾಗುಣಿತ ಕಲಿತದ್ದು ಮಿರ್ಫಾ ಮತ್ತು ತರೀಫ್ ನಡುವೆ. ಆಮೇಲೆ ಊರಿಂದ ಬಂದವರು ತಂದುಕೊಟ್ಟ ಹಳೇ ವಾರಪತ್ರಿಕೆ ಗಟ್ಟಿಯಾಗಿ ಓದಬೇಕಿತ್ತು. ಅವತ್ತಿನ ಬಲಿಪೂಜೆಯ ವಾಚನಗಳನ್ನೂ ಅಷ್ಟೇ, ಕನ್ನಡ ಬೈಬಲ್‌ನಲ್ಲಿ ಕಾರಲ್ಲೇ ಓದಿಸುತ್ತಿದ್ದಳು. ಯಾಕಂದರೆ ಚರ್ಚ್‌ನಲ್ಲಿ ನಾವು ಕೂರುತ್ತಿದ್ದದ್ದು ಇಂಗ್ಲಿಷ್ ಪೂಜೆಗೆ. "ದೇವರಿಗೆ ಯಾವ ಭಾಷೆ ಆದ್ರೂ ಅರ್ಥ ಆಗುತ್ತೆ. ನಿಮಗೆ ಅರ್ಥ ಆಗೋಕೆ ಕನ್ನಡದಲ್ಲಿ ಓದಿ" ಅನ್ನೋದು ಅವಳ ವಾದ.

ಈ ಲೇಖನವನ್ನ ನಾನು ಕನ್ನಡದಲ್ಲಿ ಟೈಪ್ ಮಾಡ್ತಿರೋದಕ್ಕೆ ಯಾವ ಶಾಲೆಯೂ ಕಾರಣ ಅಲ್ಲ. ಆ ಹಿಂದಿನ ಸೀಟು ಕಾರಣ.

ಹಿಂದಿನ ಸೀಟಲ್ಲಿ ಮೂರನೇ ಜಾಗ ಒಂದು ಇರುತ್ತಿತ್ತಲ್ಲ, ಅದು ನಮ್ಮದಲ್ಲ. ಪ್ರತಿ ವಾರ ಕೆಲಸಗಾರರ ಕ್ಯಾಂಪ್‌ನಿಂದ ಒಬ್ಬರು ಬಂದು ಕೂರ್ತಿದ್ದರು. ಇಂತಿಷ್ಟು ಸಂಬಳ ಇಲ್ಲದವರಿಗೆ ಹೆಂಡತಿ-ಮಕ್ಕಳನ್ನ ಕರೆಸೋ ವೀಸಾ ಸಿಗಲ್ಲ. ಅವರದ್ದು ಒಂದು ರೂಮಲ್ಲಿ ಐದಾರು ಜನರ ಬದುಕು. ಹೆಚ್ಚು ಸಲ ಬಂದವರು ಕಲಬುರಗಿ ಕಡೆಯ ಒಬ್ಬ ವೆಲ್ಡರ್ ಅಣ್ಣ. ಅವರು ಚರ್ಚ್‌ಗೆ ಬರೋರಲ್ಲ. ನಾವು ಪೂಜೆ ಮುಗಿಸಿ ಬರೋವರೆಗೆ ಹೊರಗೆ ನೆರಳಲ್ಲಿ ಕೂತಿರೋರು. ಸಂಜೆ ಎಕ್ಸ್‌ಚೇಂಜ್‌ಗೆ ಹೋಗಿ ಊರಿಗೆ ದುಡ್ಡು ಕಳಿಸಿದ ಮೇಲೆ ಅವರ ಮುಖವೇ ಬೇರೆ. ಆಗ ಒಂದು ದಿರಮ್‌ಗೆ 12 ರೂಪಾಯಿ ಆಸುಪಾಸು. ಮಗಳ ವಯಸ್ಸು ನನ್ನಷ್ಟೇ ಅಂತ ಹೇಳಿ, ನಾನು ಓದೋದನ್ನ ಕಣ್ಣು ಮುಚ್ಚಿಕೊಂಡು ಕೇಳ್ತಿದ್ದರು. ತಪ್ಪು ಓದಿದರೆ "ಏ ತಮ್ಮಾ, ಅದು ಹಂಗಲ್ಲ" ಅಂತ ತಿದ್ದೋರು. ಅಮ್ಮನ ಹಾಸನದ ಕನ್ನಡ, ಅವರ ಕಲಬುರಗಿ ಕನ್ನಡ ಎರಡೂ ಒಂದೇ ಕಾರಲ್ಲಿ ಸಿಕ್ಕಿದವು.

ಅಬುಧಾಬಿ ದ್ವೀಪದ ಸೇತುವೆ ಹತ್ತಿರ ಬಂದ ಹಾಗೆ ಶೇಖ್ ಜಾಯೆದ್ ಮಸೀದಿ ಕಾಣುತ್ತಿತ್ತು. ನಾವು ಹೋದ ಕಾಲಕ್ಕೆ ಅದಿನ್ನೂ ಕಟ್ಟಡದ ಹಂತ. ಕ್ರೇನ್‌ಗಳ ಕಾಡಿನ ಮಧ್ಯೆ ಒಂದೊಂದೇ ಗುಮ್ಮಟ ಏಳೋದನ್ನ ವಾರ ವಾರ ನೋಡಿದ್ದೇವೆ. 2007ರ ಕೊನೆಗೆ ಅದು ತೆರೆಯಿತು. ಒಟ್ಟು 82 ಗುಮ್ಮಟ ಅಂತಾರೆ. ತಂಗಿ ಯಾವತ್ತೂ 30 ದಾಟಿ ಎಣಿಸಿದವಳಲ್ಲ, ಅಷ್ಟರಲ್ಲಿ ಕಾರು ಮುಂದೆ ಹೋಗಿರುತ್ತಿತ್ತು.

ಚರ್ಚ್ ಅಂಗಳ ಶುಕ್ರವಾರ ಜಾತ್ರೆ ಥರ. ಇಂಗ್ಲಿಷ್, ಅರಬ್ಬಿ, ಮಲಯಾಳಂ, ಟಗಾಲೋಗ್ ಅಂತ ಬೆಳಿಗ್ಗೆಯಿಂದ ಒಂದಾದ ಮೇಲೊಂದು ಪೂಜೆ. ಒಂದು ಗುಂಪು ಹೊರಗೆ ಬರೋ ಹೊತ್ತಿಗೆ ಇನ್ನೊಂದು ಗುಂಪು ಬಾಗಿಲಲ್ಲಿ. ಪೂಜೆ ಮುಗಿದ ಮೇಲೆ ಅಮ್ಮನ ಅಸಲಿ ಶುಕ್ರವಾರ ಶುರು. ಮಂಗಳೂರಿನ ಆಂಟಿ, ಮೈಸೂರಿನ ಆಂಟಿ, ಕೊಳ್ಳೇಗಾಲದ ನರ್ಸ್ ಅಕ್ಕ, ಎಲ್ಲ ಒಂದು ಮೂಲೆಯಲ್ಲಿ ನಿಂತರೆ ಅರ್ಧ ಗಂಟೆ ಅಲುಗಾಡೋರಲ್ಲ. ವಾರವಿಡೀ ಟೌನ್‌ಶಿಪ್‌ನ ನಾಲ್ಕು ಗೋಡೆ ನಡುವೆ ಇದ್ದವಳಿಗೆ ಅಲ್ಲಿ ಸಿಕ್ಕಷ್ಟು ಕನ್ನಡದ ಮಾತು ಬೇರೆಲ್ಲೂ ಸಿಗುತ್ತಿರಲಿಲ್ಲ. "ನಿಮ್ಮಪ್ಪ ದೇವರಿಗೋಸ್ಕರ ಡ್ರೈವ್ ಮಾಡ್ತಿದ್ರು, ನಾನು ಮನುಷ್ಯರಿಗೋಸ್ಕರ ಬರ್ತಿದ್ದೆ" ಅಂತ ಈಗಲೂ ನಗ್ತಾಳೆ.

ಮಧ್ಯಾಹ್ನದ ನಮಾಜ್ ಹೊತ್ತಿಗೆ ಅಂಗಡಿಗಳು ಮುಚ್ಚೋವು, ತೆರೆಯೋದು ನಾಲ್ಕರ ಮೇಲೆ. ಅಲ್ಲಿಯವರೆಗೆ ಎಲೆಕ್ಟ್ರಾ ಸ್ಟ್ರೀಟ್ ಹತ್ತಿರ ಯಾವುದಾದರೂ ಹೋಟೆಲಲ್ಲಿ ಮಸಾಲೆ ದೋಸೆ. ಚಳಿಗಾಲ ಆದರೆ ಕಾರ್ನಿಶ್‌ನಲ್ಲಿ ಚಾಪೆ ಹಾಸಿ ಸಮುದ್ರ ನೋಡೋದು. ಬೇಸಿಗೆ ಆದರೆ ಮರೀನಾ ಮಾಲ್‌ನ ಎಸಿಯಲ್ಲಿ ಏನೂ ಕೊಳ್ಳದೆ ಸುತ್ತೋದು. ಸಂಜೆ ಮೀನಾ ಬಂದರಿನ ಮೀನು ಮಾರ್ಕೆಟ್. ಅಪ್ಪ ಮೀನಿನ ಕಿವಿರು ಎತ್ತಿ ನೋಡಿ ಚೌಕಾಸಿ ಮಾಡೋದು, ಐಸ್ ಬಾಕ್ಸ್ ಡಿಕ್ಕಿಗೆ ಸೇರೋದು. ಮನೆ ಸೇರುವಾಗ ರಾತ್ರಿ ಹತ್ತು. ಅಪ್ಪನಿಗೆ ಮರುದಿನ ಬೆಳಿಗ್ಗೆ ಐದಕ್ಕೆ ಶಿಫ್ಟ್ ಬಸ್.

ಒಂದು ಜನವರಿಯ ಬೆಳಿಗ್ಗೆ ಮಂಜು ಎಷ್ಟು ಕವಿದಿತ್ತು ಅಂದರೆ ಬಾನೆಟ್ ಆಚೆ ಏನೂ ಕಾಣುತ್ತಿರಲಿಲ್ಲ. ಆ ಕಡೆ ಚಳಿಗಾಲದ ಮಂಜು ಅಂದರೆ ದೊಡ್ಡ ದೊಡ್ಡ ಅಪಘಾತಗಳ ಕಾಲ. ಅಪ್ಪ ಹೆದ್ದಾರಿ ಬಿಟ್ಟು ಒಂದು ಪೆಟ್ರೋಲ್ ಬಂಕ್‌ಗೆ ಕಾರು ತಿರುಗಿಸಿ ನಿಲ್ಲಿಸಿದರು. ಎರಡು ಗಂಟೆ ಅಲ್ಲೇ. ಅಮ್ಮ ಜಪಸರ ಶುರುಮಾಡಿದಳು. ವೆಲ್ಡರ್ ಅಣ್ಣ ತಮ್ಮ ಪಾಡಿಗೆ ಶರಣಬಸಪ್ಪನ ಹೆಸರು ಹೇಳಿಕೊಳ್ತಿದ್ದರು. ಮಂಜು ಕರಗೋ ಹೊತ್ತಿಗೆ ಪೂಜೆಯ ಸಮಯ ಮೀರಿತ್ತು. ವಾಪಸ್ ಹೋಗ್ತೀವಿ ಅಂದುಕೊಂಡೆ. ಅಪ್ಪ ಕಾರನ್ನ ಅಬುಧಾಬಿ ಕಡೆಗೇ ತಿರುಗಿಸಿದರು. "ಸಂಜೆ ಪೂಜೆ ಇದೆಯಲ್ಲ" ಅಂದರು, ಅಷ್ಟೇ.

ನಾನು ಇಂಜಿನಿಯರ್, ಲೆಕ್ಕ ಹಾಕದೆ ಇರೋಕಾಗಲ್ಲ. ಊರಿನ ರಜೆ, ಜ್ವರ, ಶಿಫ್ಟ್ ಎಲ್ಲ ಕಳೆದು ವರ್ಷಕ್ಕೆ 44 ವಾರ ಅಂತ ಇಟ್ಟುಕೊಳ್ಳಿ. ವಾರಕ್ಕೆ 480 ಕಿಲೋಮೀಟರ್, ಹನ್ನೊಂದು ವರ್ಷ. ಒಟ್ಟು 2,32,320 ಕಿಲೋಮೀಟರ್. ಭೂಮಿಯ ಸುತ್ತಳತೆ ಸುಮಾರು 40,000. ಅಂದರೆ ಹತ್ತಿರ ಹತ್ತಿರ ಆರು ಸುತ್ತು. ಹೋಗಿ ಬರೋಕೆ ಐದು ಗಂಟೆ ಅಂದರೂ 2,420 ಗಂಟೆ ಆಯ್ತು. ನೂರು ಹಗಲು, ನೂರು ರಾತ್ರಿ ನಾವು ನಾಲ್ಕು ಜನ ಒಂದು ಕಾರೊಳಗೆ ಕೂತಿದ್ದೇವೆ.

ಇದನ್ನ ಹೋದ ವರ್ಷ ಅಪ್ಪನಿಗೆ ತೋರಿಸಿ ಕೇಳಿದೆ: "ಅಷ್ಟು ಭಕ್ತಿ ಇತ್ತಾ ಅಪ್ಪ ನಿಮಗೆ?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರು ಹೇಳಿದ್ದು ಅಬುಧಾಬಿ ಬಗ್ಗೆ ಅಲ್ಲ, ಶೆಟ್ಟಿಹಳ್ಳಿ ಬಗ್ಗೆ.

ಹಾಸನದ ಹತ್ತಿರ ನೀರಲ್ಲಿ ನಿಂತಿರೋ ಪಾಳು ಚರ್ಚ್‌ನ ಫೋಟೋ ನೀವೂ ಇನ್‌ಸ್ಟಾದಲ್ಲಿ ನೋಡಿರುತ್ತೀರಿ. ಪ್ರೀ-ವೆಡ್ಡಿಂಗ್ ಶೂಟ್ ಮಾಡ್ತಾರಲ್ಲ, ಅದೇ. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಸರ ಮಾತೆಯ ಚರ್ಚ್. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ, 1979ರಲ್ಲಿ ಅದು ಮುಗಿದ ಮೇಲೆ ಹಿನ್ನೀರು ಬಂತು. ಜನ ಊರು ಬಿಟ್ಟು ಬೇರೆ ಕಡೆ ಹೋದರು. ಚರ್ಚ್ ಉಳಿಯಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತೆ, ಬೇಸಿಗೆಯಲ್ಲಿ ಮತ್ತೆ ಎದ್ದು ನಿಲ್ಲುತ್ತೆ.

ಅಪ್ಪ ಹುಟ್ಟಿ ಬೆಳೆದದ್ದು ಆ ಚರ್ಚ್‌ನ ಅಂಗಳದ ಪಕ್ಕ. ನೀರು ಬಂದಾಗ ಅವರಿಗೆ ಹದಿನೇಳು. ಇಷ್ಟು ಮಾತ್ರ ನನಗೆ ಮುಂಚೆ ಗೊತ್ತಿತ್ತು. ಅವತ್ತು ಅವರು ಹೇಳಿದ್ದು ಹೀಗೆ: "ನಮ್ಮ ಚರ್ಚ್ ಮನೆಯಿಂದ ನೂರು ಹೆಜ್ಜೆ ಇತ್ತು ಕಣೋ. ಎಲ್ಲಿ ಹೋಗುತ್ತೆ ಅಂತ ಹೋಗದೆ ಇರ್ತಿದ್ದೆ. ಹೊಳೆಗೆ ಮೀನು ಹಿಡಿಯೋಕೆ ಹೋಗ್ತಿದ್ದೆ. ಅದೇ ಹೋಯ್ತು. ಆಮೇಲೆ ನನಗೆ ಹತ್ತಿರ, ದೂರ ಅನ್ನೋದು ದೊಡ್ಡ ವಿಷಯ ಅನ್ನಿಸಲೇ ಇಲ್ಲ. ಹೋದ್ರೆ ಇರುತ್ತೆ, ಹೋಗದಿದ್ರೆ ಇರಲ್ಲ."

ಸ್ವಲ್ಪ ತಡೆದು ಇನ್ನೂ ಒಂದು ಮಾತು ಸೇರಿಸಿದರು. "ಶಿಫ್ಟ್ ಮುಗಿಸಿ ಬಂದ್ರೆ ನಾನು ಮಲಗಿರ್ತಿದ್ದೆ. ನೀವು ಎದ್ದು ಶಾಲೆಗೆ ಹೋಗಿರ್ತಿದ್ರಿ. ಆ ಐದು ಗಂಟೆ ಇಲ್ಲದಿದ್ರೆ ನೀವಿಬ್ಬರೂ ನನಗೆ ಗೊತ್ತೇ ಆಗ್ತಿರ್ಲಿಲ್ಲ."

ನಾವು ಬೆಂಗಳೂರಿಗೆ ಬಂದ ಮೇಲೆ ಅಪ್ಪ ಇನ್ನೂ ಮೂರು ವರ್ಷ ಅಲ್ಲೇ ಒಬ್ಬರೇ ಇದ್ದರು. ಆಗಲೂ ಶುಕ್ರವಾರ ತಪ್ಪಿಸಲಿಲ್ಲವಂತೆ. ನಾವು ಮೂರು ಜನ ಕೂರ್ತಿದ್ದ ಸೀಟುಗಳಿಗೂ ಕ್ಯಾಂಪ್‌ನಿಂದಲೇ ಜನ. ಈಗ ರುವೈಸ್‌ನಲ್ಲೇ ಸ್ನಾನಿಕ ಯೊವಾನ್ನರ ಹೆಸರಿನ ಚರ್ಚ್ ಇದೆ. ಅಲ್ಲಿನ ಮಕ್ಕಳು ಈಗ ಹತ್ತು ನಿಮಿಷದಲ್ಲಿ ಪೂಜೆಗೆ ಹೋಗಬಹುದು. ಒಳ್ಳೆಯದೇ ಆಯ್ತು. ಯಾರೂ ಮಂಜಲ್ಲಿ ಲಾರಿಗಳ ನಡುವೆ ಪ್ರಾಣ ಕೈಲಿ ಹಿಡಿದು ಹೋಗಬೇಕಾಗಿಲ್ಲ. 2019ರ ಫೆಬ್ರುವರಿಯಲ್ಲಿ ಪೋಪ್ ಫ್ರಾನ್ಸಿಸ್ ಅಬುಧಾಬಿಗೆ ಬಂದಿದ್ದರು. ಪೋಪ್ ಒಬ್ಬರು ಅರೇಬಿಯಾಕ್ಕೆ ಕಾಲಿಟ್ಟಿದ್ದು ಅದೇ ಮೊದಲು. ಸ್ಟೇಡಿಯಂನ ಬಲಿಪೂಜೆಗೆ 1,80,000 ಜನ ಸೇರಿದ್ದರಂತೆ. ಅವತ್ತು ಬೆಳಿಗ್ಗೆ ಪೋಪ್ ನಮ್ಮ ಹಳೇ ಚರ್ಚ್‌ಗೂ ಹೋಗಿದ್ದರು. ಜೆ.ಪಿ. ನಗರದ ಮನೆಯಲ್ಲಿ ಟಿವಿ ಮುಂದೆ ಕೂತ ಅಪ್ಪ ನೋಡಿದ್ದು ಪೋಪ್‌ರನ್ನಲ್ಲ, "ಅದೇ ನೋಡು, ಅಲ್ಲೇ ನಾವು ಕಾರು ನಿಲ್ಲಿಸ್ತಿದ್ದದ್ದು" ಅಂತ ಪಾರ್ಕಿಂಗ್ ಜಾಗ ಹುಡುಕುತ್ತಿದ್ದರು.

ಅಪ್ಪನಿಗೆ ಈಗ ಗ್ಲಾಕೋಮಾ. ರಾತ್ರಿ ಓಡಿಸಬೇಡಿ ಅಂತ ಮೊದಲು ಡಾಕ್ಟರ್ ಹೇಳಿದರು. ಹೋದ ವರ್ಷ ಬನಶಂಕರಿ ಸರ್ಕಲ್‌ನಲ್ಲಿ ಎಡಗಡೆಯಿಂದ ಬಂದ ಸ್ಕೂಟರ್ ಕಾಣಲಿಲ್ಲ. ಏನೂ ಆಗಲಿಲ್ಲ, ಆದರೆ ಮನೆಗೆ ಬಂದವರೇ ಕೀ ತಂದು ನನ್ನ ಕೈಗೆ ಕೊಟ್ಟರು. "ಸಾಕು" ಅಂದರು. ಎರಡು ಲಕ್ಷ ಕಿಲೋಮೀಟರ್ ನಮ್ಮನ್ನ ಜೋಪಾನವಾಗಿ ಕರೆದುಕೊಂಡು ಹೋಗಿ ಬಂದ ಮನುಷ್ಯ ಆ ಒಂದು ಪದದಲ್ಲಿ ಮುಗಿಸಿಬಿಟ್ಟರು. ಅವತ್ತು ರಾತ್ರಿ ಅಮ್ಮ ಊಟ ಬಡಿಸುವಾಗ ಯಾರೂ ಮಾತಾಡಲಿಲ್ಲ.

ಬಿಟಿಎಂಗೆ ವಾಪಸ್ ಬರುವಾಗ ಹೆಂಡತಿ ಜೊತೆ ಮಾತಾಡಿದೆ. ನಾವಿಬ್ಬರೂ ಐಟಿ. ವಾರಕ್ಕೆ ಮೂರು ದಿನ ಸಿಲ್ಕ್ ಬೋರ್ಡ್ ದಾಟಿ ಆಫೀಸು. ಉಳಿದದ್ದು ಲ್ಯಾಪ್‌ಟಾಪು. ಸಮಯ ಇಲ್ಲ ಅನ್ನೋದು ಸುಳ್ಳಲ್ಲ. ಆದರೆ ಕ್ಯಾಲೆಂಡರ್‌ನಲ್ಲಿ ಹಾಕದ ಮೀಟಿಂಗ್ ಯಾವತ್ತೂ ನಡೆಯಲ್ಲ ಅನ್ನೋದು ನಮ್ಮ ಕೆಲಸದವರಿಗೆ ಗೊತ್ತಿರೋ ಸತ್ಯ. ಅಪ್ಪನಿಗೆ ಶುಕ್ರವಾರ ಅನ್ನೋದು ಹಾಗೆ ಕ್ಯಾಲೆಂಡರ್‌ನಲ್ಲಿ ಕೂತ ವಿಷಯ. ಮೂಡ್ ಇದೆಯಾ, ಸುಸ್ತಾಗಿದೆಯಾ, ಟ್ರಾಫಿಕ್ ಹೇಗಿದೆ ಅನ್ನೋ ಪ್ರಶ್ನೆಯೇ ಏಳುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಈಗ ಕಾಣೆಯಾಗಿರೋದು ಪ್ರೀತಿ ಅಲ್ಲ, ಇಂಥದೊಂದು ದಿನ.

ಹಾಗಾಗಿ ಈಗ ತಿಂಗಳ ಮೊದಲ ಭಾನುವಾರ ಶೆಟ್ಟಿಹಳ್ಳಿ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ. ಹೋಗಿ ಬರೋಕೆ 400 ಕಿಲೋಮೀಟರ್ ಆಸುಪಾಸು. ಓಡಿಸೋದು ನಾನು, ಪಕ್ಕದಲ್ಲಿ ಅಪ್ಪ. "ಇಂಡಿಕೇಟರ್ ಹಾಕು", "ಆ ಲಾರಿನ ನಂಬಬೇಡ" ಅಂತ ನಿಲ್ಲದ ಕಾಮೆಂಟರಿ. ದಾರಿಯಲ್ಲಿ ಒಂದು ಚರ್ಚ್‌ನಲ್ಲಿ ಕನ್ನಡ ಪೂಜೆ. ಡಬ್ಲಿನ್‌ನಲ್ಲಿರೋ ತಂಗಿ ವಿಡಿಯೋ ಕಾಲ್‌ನಲ್ಲಿ ಸ್ವಲ್ಪ ಹೊತ್ತು ಹಿಂದಿನ ಸೀಟಿಗೆ ಬರ್ತಾಳೆ. ಇದುವರೆಗೆ ಏಳು ಸಲ ಹೋಗಿದ್ದೇವೆ. ಆ ಏಳು ಪ್ರಯಾಣದಲ್ಲಿ ಅಪ್ಪನ ಬಗ್ಗೆ ನನಗೆ ಗೊತ್ತಾದದ್ದು ಜೆ.ಪಿ. ನಗರದ ಸೋಫಾ ಮೇಲೆ ಕೂತು ಹತ್ತು ವರ್ಷದಲ್ಲಿ ಗೊತ್ತಾದದ್ದಕ್ಕಿಂತ ಹೆಚ್ಚು. ಮುಳುಗಡೆಯ ಪರಿಹಾರದ ದುಡ್ಡು ಅಜ್ಜ ಏನು ಮಾಡಿದರು, ಗಲ್ಫ್‌ಗೆ ಹೋಗೋಕೆ ಏಜೆಂಟ್‌ಗೆ ಕೊಡಲು ಅಮ್ಮನ ಬಳೆ ಅಡವಿಟ್ಟದ್ದು, ಮೊದಲ ರಾತ್ರಿ ಕ್ಯಾಂಪ್‌ನಲ್ಲಿ ಅತ್ತದ್ದು. ಎದುರು ಬದುರು ಕೂತಾಗ ಬಾಯಿಗೆ ಬರದ ಮಾತು, ಇಬ್ಬರೂ ರಸ್ತೆ ನೋಡ್ತಾ ಕೂತಾಗ ತಾನಾಗಿ ಬರುತ್ತೆ.

ನಿಮ್ಮದು ಚರ್ಚೇ ಆಗಬೇಕಿಲ್ಲ, ಹಾಸನವೇ ಆಗಬೇಕಿಲ್ಲ. ಕುಲದೇವರ ಗುಡಿಯೋ, ಅಜ್ಜಿ ಊರಿನ ತೋಟವೋ, ಕನಕಪುರ ರಸ್ತೆಯ ಒಂದು ತಟ್ಟೆ ಇಡ್ಲಿ ಹೋಟೆಲೋ. ದಿನ ಒಂದು ಗೊತ್ತಿರಲಿ, ದಾರಿ ಸ್ವಲ್ಪ ಉದ್ದ ಇರಲಿ.

ಮುಂದಿನ ಸಲ ಹೋಗುವಾಗ ಮಳೆ ಹಿಡಿದಿರುತ್ತೆ. ಚರ್ಚ್‌ನ ಬಾಗಿಲವರೆಗೆ ನೀರು ಬಂದಿರಬಹುದು, ದೂರದಿಂದಲೇ ನೋಡಬೇಕು. ಅಮ್ಮ ಮಾತ್ರ ಈಗಾಗಲೇ ಫೋನ್ ಮಾಡಿ ಕೇಳಿದ್ದಾಳೆ: "ಅಕ್ಕಿರೊಟ್ಟಿ ಮಾಡ್ಲಾ, ಚಿತ್ರಾನ್ನನಾ?"